ಸಿಡಿಲವ್ವನಿಗೆ ಕೊಟ್ಟ ಕೂಗು

ಸವಣೂರು
೧೨ ಏಪ್ರಿಲ್ ೨೦೨೫

ಶ್ರೀವಿದ್ಯಾ ಅಕ್ಕೋರಿಗೆ,

ನಿಮ್ಮ ಹಳೆಯ ವಿದ್ಯಾರ್ಥಿನಿ ಗುಲ್ನಾಜಳ ಸಲಾಮು. ಕ್ಷೇಮಸಮಾಚಾರ ಆಮೇಲೆ. ಮೊದಲು, ಕಂಪನಿಯವರು ಏನು ಕೊಡುತ್ತೇವೆ ಅಂದರು, ಏನು ಕೊಡಲಿಲ್ಲ, ಅದು.

ಸಿಡಿಲವ್ವನ ದನಿ ಗುಲ್ನಾಜಳದು ಎಂದು ಹೆಸರು ಹಾಕುತ್ತೇವೆ ಅಂದರು. ಟಿವಿ ಧಾರಾವಾಹಿಯಲ್ಲಿ ಹಾಕಲಿಲ್ಲ. ಮೊಬೈಲ್ ಆಟದಲ್ಲೂ ಹಾಕಲಿಲ್ಲ.

ಆಟದಲ್ಲಿ ಸಿಡಿಲವ್ವ ನಿಮ್ಮ ಕಾದಂಬರಿಯಲ್ಲಿದ್ದ ಹಾಗೆಯೇ ಕೋಟೆ ಒಡೆಯುತ್ತಾಳೆ ಅಂದರು. ಒಡೆಯಲಿಲ್ಲ. ಕಬ್ಬಿಣದ ಪಂಜರದಲ್ಲಿ ಇಟ್ಟರು.

ಯಾವ ದನಿಯನ್ನು ಎಲ್ಲಿ ಹಾಕಿದ್ದೇವೆ ಎಂದು ತೋರಿಸಿ, ನೀನು ಒಪ್ಪಿದ ಮೇಲೆ ಹೊರಗೆ ಬಿಡುತ್ತೇವೆ ಅಂದರು. ತೋರಿಸಲಿಲ್ಲ.

ಕೊನೆಯ ಉದ್ದನೆಯ ಕೂಗು ಇಡೀ ಆಟದಲ್ಲಿ ಒಂದೇ ಸಲ, ಸೈನ್ಯವೆಲ್ಲ ಸತ್ತು ಸಿಡಿಲವ್ವ ಹೊಳೆಯ ದಂಡೆಯಲ್ಲಿ ಒಬ್ಬಳೇ ನಿಂತಾಗ ಮಾತ್ರ ಕೇಳಿಸುತ್ತದೆ ಅಂದರು. ಈಗ ಪಂಜರದ ಕಂಬಿಯ ಮೇಲೆ ಹೆಬ್ಬೆರಳು ಒತ್ತಿದಾಗೆಲ್ಲ ಆಕೆ ಕೂಗುತ್ತಾಳೆ. ಕೂಗಿದರೆ ಆಡುವವನ ಚೀಲಕ್ಕೆ ಬಂಗಾರ ಬೀಳುತ್ತದೆ. ಸವಣೂರಿನ ಚಹಾದಂಗಡಿಗಳಲ್ಲಿ ಹುಡುಗರು ದಿನವೆಲ್ಲ ಬಂಗಾರ ಉದುರಿಸುತ್ತಿದ್ದಾರೆ.

ಆ ಕೂಗು ನನ್ನದಲ್ಲ ಅಕ್ಕೋರೆ. ಹುಬ್ಬಳ್ಳಿಯ ಸ್ಟುಡಿಯೊದಲ್ಲಿ ಬೆಳಗಿನಿಂದ ಒದೆ ತಿಂದ ದನಿ, ಸುಟ್ಟ ದನಿ, ಬಿದ್ದ ದನಿ, ಏದುಸಿರು ಎಲ್ಲ ತೆಗೆಸಿದ್ದರು. ಮಾತಿಲ್ಲ, ಬರೀ ನೋವು. ಈ ಕೆಲಸದಲ್ಲಿ ಮುಂದೆ ಚಿತ್ರ ಇರುವುದಿಲ್ಲ. ಗೋಡೆ ನೋಡಿಕೊಂಡು ನರಳಬೇಕು. ಸಂಜೆಗೆ ಗಂಟಲು ಖಾಲಿಯಾಗಿತ್ತು. ಆಗ ಆ ಕೊನೆಯದನ್ನು ಕೇಳಿದರು. 'ಊರೆಲ್ಲಾ ಸತ್ತು ನೀ ಒಬ್ಬಾಕೀನ ಉಳದೀ ಅಂತ ತಿಳಕೋ' ಅಂದರು. ನನ್ನದು ಅನ್ನುವ ದನಿ ನನ್ನ ಹತ್ತಿರ ಉಳಿದಿರಲಿಲ್ಲ. ಬಾಯಿ ತೆರೆದೆ. ಅಜ್ಜನ ಕೂಗು ಬಂತು.

ನಮ್ಮಜ್ಜ ನಬೀಸಾಬ ಮೊಹರಂನಲ್ಲಿ ರಿವಾಯತ ಪದ ಹೇಳುವುದು ನಿಮಗೆ ಗೊತ್ತು. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ಮೇಳ ಅವನದು. ಪದ ಎತ್ತುವ ಮೊದಲು ಅಜ್ಜ ಒಂದು ಕೂಗು ಹಾಕುತ್ತಾನೆ. ಅದರಲ್ಲಿ ಮಾತಿಲ್ಲ. ಅವನಪ್ಪ ಅವನಿಗೆ ಕೊಟ್ಟದ್ದು. ಮೇಳದ ನಡುವೆ ಬಿಟ್ಟು ಬೇರೆಲ್ಲೂ ಅದನ್ನು ಹಾಕುವುದಿಲ್ಲ.

ನನಗೆ ಬೇಕಾದದ್ದು ಒಂದೇ. ಮೊಹರಂ ಬರುವುದರೊಳಗೆ ಆ ಕೂಗನ್ನು ಆಟದಿಂದ ತೆಗೆಸಿ. ನಾನು ಕೇಳಿದರೆ ಕಂಪನಿಯವರು 'ಆ ದನಿ ಈಗ ನಮ್ಮದು' ಅನ್ನುತ್ತಾರೆ. ಸಿಡಿಲವ್ವನನ್ನು ಹುಟ್ಟಿಸಿದವರು ನೀವು. ನಿಮ್ಮ ಮಾತು ನಡೆದೀತು.

ಫೋನು ಈಗ ನನ್ನ ಕೈಯಲ್ಲಿಲ್ಲ. ಮನೆಯಿಂದ ಹೊರಗೆ ಕಾಲಿಟ್ಟು ಬಹಳ ದಿನವಾಯಿತು. ಇದಕ್ಕಿಂತ ಹೆಚ್ಚು ಬರೆಯಲಾರೆ. ಉತ್ತರವನ್ನು ಹಿರೇಕೆರೂರು ಸಂತೆಯಲ್ಲಿ ಸವಣೂರು ಎಲೆ ಮಾರುವವನ ಕೈಗೆ ಕೊಡಿ.

ಗುಲ್ನಾಜ


ಹಿರೇಕೆರೂರು
೨೨ ಏಪ್ರಿಲ್ ೨೦೨೫

ಪ್ರಿಯ ಗುಲ್ನಾಜ,

ವೀಳ್ಯದೆಲೆಯ ಕಟ್ಟು ಬಿಚ್ಚಿದೆ, ನಡುವೆ ನಿನ್ನ ಕಾಗದ ಮಡಚಿ ಕೂತಿತ್ತು. ತರಗತಿಯಲ್ಲಿ ನೀನು ಪದ್ಯ ಓದಿದರೆ ಹೊರಗಿನ ಓಣಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಆ ಹುಡುಗಿ ಇಂದು ತನ್ನ ಮಾತನ್ನು ಎಲೆಯೊಳಗೆ ಬಚ್ಚಿಟ್ಟು ಕಳಿಸಬೇಕಾಗಿದೆ.

ನಾನು ಬರೆದ ಸಿಡಿಲವ್ವ ನಿಮ್ಮೂರಿನ ದೊಡ್ಡ ಹುಣಸೆಮರದ ಪೊಟರೆಯಲ್ಲಿ ಹುಟ್ಟಿದವಳು. ಕರಿ ಮೈ. ಎಡಗೈಯಲ್ಲಿ ಸಿಡಿಲು ಸುಟ್ಟ ಗುರುತು. ಮೂರು ಕಾದಂಬರಿಗಳಲ್ಲಿ ಒಮ್ಮೆಯೂ ಯಾರ ಕೈಗೂ ಸಿಗಲಿಲ್ಲ, ಒಮ್ಮೆಯೂ ಅಳಲಿಲ್ಲ. ಟಿವಿಯವರು ಅವಳಿಗೆ ಬಿಳಿ ಬಣ್ಣ ಬಳಿದರು, ಸುಟ್ಟ ಗುರುತಿನ ಮೇಲೆ ಬಳೆ ಇಳಿಸಿದರು, ಒಬ್ಬ ಅತ್ತೆಯನ್ನು ತಂದು ಕೂರಿಸಿದರು. ಕೋಟೆ ಒಡೆಯಬೇಕಾದವಳು ಪ್ರತಿ ಶುಕ್ರವಾರ ಕೋಟೆಯೊಳಗೆ ಕುಂಕುಮದ ತಟ್ಟೆ ಹಿಡಿದು ಅತ್ತಳು. ಆಟದವರಿಗೆ ಅತ್ತೆಯೂ ಬೇಕಾಗಲಿಲ್ಲ. ನಡು ಸಣ್ಣ ಮಾಡಿದರು, ಬಟ್ಟೆ ಕಡಿಮೆ ಮಾಡಿದರು, ಪಂಜರಕ್ಕೆ ತುಂಬಿದರು. ಪುಸ್ತಕದಿಂದ ಟಿವಿಗೆ, ಟಿವಿಯಿಂದ ಮೊಬೈಲಿಗೆ ಹೋಗುತ್ತ ಹೋಗುತ್ತ ಒಂದೊಂದು ಬಾಗಿಲು ಅವಳ ಬೆನ್ನ ಹಿಂದೆ ಮುಚ್ಚಿತು. ಈ ದೇಶದಲ್ಲಿ ಕಲ್ಪನೆಯ ಹೆಣ್ಣಿಗೂ ಬಿಡುಗಡೆ ಇಲ್ಲ. ನಿಜದ ಹೆಣ್ಣಿನ ಮಾತು ಕೇಳುವುದೇ ಬೇಡ.

ನಿನ್ನ ಅಜ್ಜನ ಹಾಡಿನ ಸಂಗತಿ ಓದಿದೆ. ಅದೂ ಮುಖ್ಯವೇ. ಆದರೆ ನಿನ್ನ ಕಾಗದದ ಕೊನೆಯ ಸಾಲುಗಳನ್ನು ನಾನು ಮೂರು ಸಲ ಓದಿದೆ. ಫೋನು ಕಸಿದುಕೊಂಡವರು ಯಾರು? ಇನಾಯತನಲ್ಲವೆ? ನೀನು ಹುಬ್ಬಳ್ಳಿಯ ಬಸ್ಸು ಹತ್ತುವಾಗಲೆಲ್ಲ ನಿಲ್ದಾಣದವರೆಗೆ ಬೆನ್ನು ಹತ್ತಿ ಬರುತ್ತಿದ್ದ ನಿನ್ನಣ್ಣ. ಅವನ ಮುಖ ನಾನು ಕಂಡಿಲ್ಲ, ನೀನು ಹೇಳಿದ್ದಷ್ಟೇ ಗೊತ್ತು. ಹೆಸರು ಬರೆಯಬೇಡ, ನನಗೆ ತಿಳಿಯುತ್ತದೆ.

ಎಲೆ ಮಾರುವವನನ್ನು ಕಂಡೆ. ಮೂವತ್ತರ ಮನುಷ್ಯ, ತಲೆ ಎತ್ತಿ ಮಾತಾಡುವುದಿಲ್ಲ. ಮೆಲ್ಲಗೆ ಕೇಳಿದೆ, "ಗುಲ್ನಾಜನ ಅಣ್ಣ ಬಾಳ ಬಿಗಿ ಏನಪಾ?"

"ಹಂಗಂತಾರ್ರಿ ಮಂದಿ."

"ಆಕಿ ಕಾಗದ ನೀ ತಂದದ್ದು ಅವಂಗ ಗೊತ್ತಾದ್ರ?"

"ಗೊತ್ತಾಗೇ ಇರ್ತೈತ್ರಿ ಅಕ್ಕೋರ. ಅಂವಾ ಶಾಣ್ಯಾ ಅದಾನ" ಅಂದು, ನಕ್ಕು, ಕೊಂಡದ್ದಕ್ಕಿಂತ ಹೆಚ್ಚಿಗೆ ಒಂದು ಹಿಡಿ ಎಲೆ ಇಟ್ಟ. ಎಂಥ ಗಟ್ಟಿ ಗುಂಡಿಗೆ. ಇಂಥ ಒಬ್ಬ ಗಂಡಸು ಆ ಓಣಿಯಲ್ಲಿ ಇರುವುದೇ ನಿನ್ನ ಪುಣ್ಯ.

ಕಂಪನಿಗೆ ಬರೆದಿದ್ದೇನೆ. ಹುಬ್ಬಳ್ಳಿಗೆ ಹೋಗುತ್ತೇನೆ. ಧೈರ್ಯವಾಗಿರು.

ನಿನ್ನ
ಶ್ರೀವಿದ್ಯಾ


ಸವಣೂರು
೩ ಮೇ ೨೦೨೫

ಅಕ್ಕೋರೆ,

ಎಲೆ ಮಾರುವವನು ನಿಮ್ಮ ಕಾಗದ ಕೊಟ್ಟ. ದಾರಿಯುದ್ದಕ್ಕೂ ನಕ್ಕೆ ಅಂದ. ನನ್ನ ಅಣ್ಣನ ಮಾತು ಬಿಡಿ, ಕಂಪನಿಯ ಮಾತು ಹೇಳಿ.

ಮೇಳ ತಾಲೀಮಿಗೆ ಕೂತಿತು. ಅಜ್ಜ, ಹಲಗಿ ಬಾರಿಸುವ ಕರಬಸಪ್ಪಣ್ಣ, ಹಿಂದೆ ದನಿಗೂಡಿಸುವವರು. ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆಯೇ. ನಾನು ಬಾಗಿಲ ಹಿಂದೆ ಇದ್ದೆ. ಚಿಕ್ಕಂದಿನಿಂದ ಅಲ್ಲೇ ಕೂತು ಕೇಳಿದವಳು. ಅಜ್ಜ ಕಿವಿಯ ಮೇಲೆ ಕೈ ಇಟ್ಟು ಕೂಗು ಎತ್ತಿದ. ಎದುರಿನ ಗೋಡೆಯ ಮೇಲೆ ಕೂತ ಹುಡುಗರು ನಕ್ಕರು. ನಕ್ಕದ್ದಷ್ಟೇ ಆಗಿದ್ದರೆ ಇರಲಿ. ಹೆಬ್ಬೆರಳು ಮುಂದೆ ಮಾಡಿ ಗಾಳಿಯಲ್ಲಿ ಒತ್ತಿದರು.

"ಇನ್ನೊಮ್ಮೆ ಒತ್ತಲೇ, ಮುದುಕಾ ಮತ್ತ ಒದರ್ತಾನ."

ಅಜ್ಜ ಅರ್ಧಕ್ಕೆ ನಿಂತ. ಕರಬಸಪ್ಪಣ್ಣ ಹಲಗಿ ಕೆಳಗಿಟ್ಟು ಹುಡುಗರ ಕಡೆ ಎದ್ದ. "ನಿಮ್ಮ ಹೆಬ್ಬಟ್ಟು ಮುರದು ನಿಮ್ಮ ಅಪ್ಪಗೋಳ ಕೈಯಾಗ ಕೊಡ್ತೇನಿ, ಇಳೀರಿ ಕೆಳಗ." ಹುಡುಗರು ಓಡಿದರು. ಕರಬಸಪ್ಪಣ್ಣ ಮರಳಿ ಬಂದು ಕೂತ. "ಮುಂದ ಹೇಳೋ ನಬೀಸಾಬಣ್ಣಾ."

"ಗಂಟಲದಾಗ ಏನೋ ಸಿಕ್ಕೈತಿ" ಅಂದ ಅಜ್ಜ. ಅಂದು ಪದ ಆಗಲಿಲ್ಲ.

ಒಳಗೆ ಬಂದು ನನ್ನ ಎದುರು ಕೂತ. ಬೈಯಲಿ ಅಂತ ಕಾದೆ.

"ಆ ಕೂಗು ಎಲ್ಲಿ ಕಲ್ತಿ?"

"ಈ ಬಾಗಲಾ ಹಿಂದ ಕುಂತು."

"ಚಂದ ಕಲ್ತಿ" ಅಂದ. ಎದ್ದು ಹೋದ.

ಬೈದಿದ್ದರೆ ಉಂಡು ಮಲಗುತ್ತಿದ್ದೆ ಅಕ್ಕೋರೆ. ಅಜ್ಜನಿಗೆ ವಯಸ್ಸಾಗಿದೆ. ಈ ಮೊಹರಂನಲ್ಲಿ ಅವನು ಕೂಗು ಹಾಕದಿದ್ದರೆ ಮುಂದಿನದಕ್ಕೆ ಹಾಕುತ್ತಾನೆ ಅನ್ನುವ ಭರವಸೆ ನನಗಿಲ್ಲ. ಅವನ ಗಂಟಲಿಗೆ ಸಿಕ್ಕಿದ್ದು ನಾನು. ತೆಗೆಸಿ.

ಗುಲ್ನಾಜ


ಹಿರೇಕೆರೂರು
೧೯ ಮೇ ೨೦೨೫

ಪ್ರಿಯ ಗುಲ್ನಾಜ,

ಗೆದ್ದು ಬಂದಿದ್ದೇನೆ. ಪೂರ್ತಿಯಲ್ಲ, ಆದರೆ ಕೋಟೆಯ ಒಂದು ಬಾಗಿಲು ಮುರಿದಿದೆ.

ಹುಬ್ಬಳ್ಳಿಯಲ್ಲಿ ಕಂಪನಿಯ ಮ್ಯಾನೇಜರು ಮೃತ್ಯುಂಜಯ ಎಂಬಾತ ಗಾಜಿನ ಕೋಣೆಯಲ್ಲಿ ಕೂರಿಸಿದ. ಗೋಡೆಯ ಮೇಲೆ ಪಂಜರದ ಸಿಡಿಲವ್ವ, ಆಳೆತ್ತರ. ಅವಳ ಕೆಳಗೆ ನನಗೆ ಚಹಾ ಕೊಟ್ಟ. ನಾನು ಹೇಳಿದೆ: ಈ ಹೆಣ್ಣನ್ನು ನಾನು ಯಾರ ಕೈಗೂ ಸಿಗದವಳು ಎಂದು ಬರೆದೆ, ನೀವು ಹಿಡಿದು ಕಟ್ಟಿದಿರಿ. ನಾಲ್ಕನೆಯ ಕಾದಂಬರಿ ನಿಮಗೆ ಬೇಕಾದರೆ ಪಂಜರ ಹೋಗಬೇಕು.

"ಬಿಡಸೋಣ್ರಿ ಮೇಡಂ" ಅಂದ. "ನಮಗೂ ಈ ಪಂಜರಾ ಸಾಕಾಗೇತಿ. ಆಡಾವ್ರಿಗೆ ಹೊಸಾದು ಬೇಕಾಗೇತಿ."

ಕೂಗಿನ ಮಾತು ತೆಗೆದೆ. "ಅದು ಆಟದ ಜೀವಾ ರೀ. ಆ ಒಂದ ದನಿ ಕೇಳಾಕ ಮಂದಿ ತಿರುಗಿ ತಿರುಗಿ ಬರ್ತಾರ" ಅಂದ. ಮಾತುಕತೆ ನಡೆದಿದೆ. ಅದಕ್ಕೆ ಬೇರೆ ದಾರಿ ಹಿಡಿದಿದ್ದೇನೆ. ಮಾತಿಗೆ ಬಗ್ಗದವರು ಬೀದಿಗೆ ಬಗ್ಗುತ್ತಾರೆ. ಇದು ನಾವು ಚಳವಳಿಯಲ್ಲಿ ಕಲಿತದ್ದು.

ಪಂಜರ ಹೋಗುತ್ತದೆ ಗುಲ್ನಾಜ. ಜೂನಿನಲ್ಲಿ ಸಿಡಿಲವ್ವ ಬಯಲಿಗೆ ಬರುತ್ತಾಳೆ. ನೀನೂ ಬರುತ್ತೀ.

ಶ್ರೀವಿದ್ಯಾ


ಸವಣೂರು
೨೪ ಮೇ ೨೦೨೫

ಅಕ್ಕೋರೆ,

ಬೇರೆ ದಾರಿ ಅಂದರೆ ಯಾವುದು? ನಾನು ಕೇಳಿದ್ದು ಪಂಜರವಲ್ಲ, ಕೂಗು. ನನ್ನನ್ನು ಕೇಳದೆ ಏನೂ ಮಾಡಬೇಡಿ. ನಮ್ಮ ಮನೆಯ ಬಗ್ಗೆ ನಿಮಗೆ ಗೊತ್ತಿಲ್ಲದ್ದು ಇದೆ. ಎದುರು ಕೂತು ಹೇಳಬೇಕಾದದ್ದು, ಕಾಗದದಲ್ಲಿ ಬರುವುದಿಲ್ಲ.

ಗುಲ್ನಾಜ


ಹಿರೇಕೆರೂರು
೫ ಜೂನ್ ೨೦೨೫

ಪ್ರಿಯ ಗುಲ್ನಾಜ,

ನಿನ್ನ ನಾಲ್ಕು ಸಾಲಿನಲ್ಲಿ ಎಷ್ಟು ಹೆದರಿಕೆ ಇದೆ ಎಂದು ಕಂಡೆ. ಕಾಗದದಲ್ಲಿ ಬಾರದಷ್ಟು ಏನೋ ಆ ಮನೆಯಲ್ಲಿ ನಡೆದಿದೆ. ಸುಮ್ಮನೆ ಕೂರುವ ಜಾತಿಯವಳಲ್ಲ ನಾನು.

ಇದರ ಜೊತೆ ಶಿಗ್ಗಾಂವಿಯಿಂದ ಬರುವ ನಮ್ಮ ವಾರಪತ್ರಿಕೆ ಇದೆ. ಮೊದಲ ಪುಟದ ಲೇಖನ ನನ್ನದು. 'ಸಿಡಿಲವ್ವ ಎರಡು ಪಂಜರಗಳಲ್ಲಿ.' ಒಂದು ಕಂಪನಿ ಕಟ್ಟಿದ್ದು, ಇನ್ನೊಂದು ಮನೆಯವರು ಕಟ್ಟಿದ್ದು. ದನಿ ಮಾರಿಕೊಂಡವರು ಒಂದು ಕಡೆ, ದನಿ ಎತ್ತಿದ್ದಕ್ಕೆ ಹುಡುಗಿಯ ಫೋನು ಕಸಿದು ಬಾಗಿಲು ಹಾಕಿದ ಅಣ್ಣ ಇನ್ನೊಂದು ಕಡೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೇನೆ. ಕಂಪನಿ ಈಗ ಬಗ್ಗದೆ ಗತಿಯಿಲ್ಲ.

ಹಾನಗಲ್ಲಿನ ನಮ್ಮ ಸಂಘಟನೆಯ ಹೆಣ್ಣುಮಕ್ಕಳು ಮಂಗಳವಾರ ನಿಮ್ಮ ಮನೆಗೆ ಬರುತ್ತಾರೆ. ಬಕ್ರೀದ್ ಮುಗಿಯಲಿ, ಹಬ್ಬದ ಮನೆಯ ಮುಂದೆ ಘೋಷಣೆ ಬೇಡ ಎಂದು ನಾನೇ ತಡೆದಿದ್ದೇನೆ. ಅವರು ಕೂಗಿದಾಗ ಹೊರಗೆ ಬಂದುಬಿಡು, ಅಷ್ಟು ಸಾಕು. ನನಗೆ ಕಾಲೇಜಿನ ಪ್ರವೇಶದ ಕೆಲಸ, ಬರಲಾಗುವುದಿಲ್ಲ.

ಎಲೆ ಮಾರುವ ಆ ಒಳ್ಳೆಯ ಮನುಷ್ಯನ ಕೈಯಲ್ಲೇ ಇದನ್ನೂ ಕಳಿಸುತ್ತಿದ್ದೇನೆ. "ಜ್ವಾಕಿ" ಎಂದು ನಾನು ಹೇಳಿದಾಗ, "ಓದಬಹುದೇನ್ರಿ ಪೇಪರಾ?" ಅಂದ. ಓದಪ್ಪಾ, ನಿನ್ನಂಥವರಿಗಾಗಿಯೇ ಬರೆದದ್ದು ಅಂದೆ.

ಶ್ರೀವಿದ್ಯಾ


ಸವಣೂರು
೧೩ ಜೂನ್ ೨೦೨೫

ಶ್ರೀವಿದ್ಯಾ ಅವರಿಗೆ,

ಇದನ್ನು ಅಂಚೆಗೆ ಹಾಕಿದ್ದೇನೆ. ಎಲೆ ಇಲ್ಲ.

ನಿಮ್ಮ ಹೆಣ್ಣುಮಕ್ಕಳು ಮಂಗಳವಾರ ಎರಡು ಟೆಂಪೊ ತುಂಬ ಬಂದರು. ಅಜ್ಜ ಕಟ್ಟೆಯ ಮೇಲೆ ಎಲೆ ಆಯುತ್ತ ಕೂತಿದ್ದ. 'ಬಿಡಿ ಬಿಡಿ, ಗುಲ್ನಾಜಳನ್ನು ಬಿಡಿ' ಎಂದು ಕೂಗು ಎದ್ದಾಗ ಅವನಿಗೆ ತಿಳಿಯಲಿಲ್ಲ. ಯಾರೋ ದೂರದಿಂದ ಬಂದಿದ್ದಾರೆ ಎಂದಷ್ಟೇ ತಿಳಿಯಿತು.

"ಕುಂತ್ರಿ ತಾಯಿ, ಬಿಸಲಾಗ ಬಂದೀರಿ. ನೀರ ಕುಡೀರಿ."

"ನೀರ ಬ್ಯಾಡ. ಹುಡಿಗಿನ್ನ ಹೊರಗ ಕಳಸ್ರಿ."

"ಆಕಿನ್ನ ಕಳಸಾಕ ನಾ ಯಾರು? ಆಕೀನ ಕೇಳ್ರಿ."

"ಬಾಗಲಾ ಯಾಕ ಹಾಕೀರಿ ಮತ್ತ?" ಎಂದು ಒಬ್ಬಾಕೆ ಬಾಗಿಲು ಗುದ್ದಿದಳು.

ಬಾಗಿಲಿನ ಚಿಲಕ ಒಳಗಿನಿಂದ ಹಾಕಿತ್ತು. ಹಾಕಿದವಳು ನಾನು. ಹಿಂದಿನ ದಿನವೂ ನಾನೇ. ಮಾರ್ಚಿನಿಂದ ನಾನೇ.

ಫೋನು ಯಾರೂ ಕಸಿಯಲಿಲ್ಲ. ಓಣಿಯ ಹುಡುಗರು ಹೊತ್ತುಹೊತ್ತಿಗೆ ಅದೇ ಕೂಗನ್ನು ಕಳಿಸುತ್ತಿದ್ದರು. ಒಂದು ದಿನ ಫೋನನ್ನು ಜೋಳದ ಡಬ್ಬಿಯೊಳಗೆ ಹೂತಿಟ್ಟೆ. ಹೊರಗೆ ಹೋದರೆ ಗೋಡೆಯ ಮೇಲಿನಿಂದ ಒತ್ತುತ್ತಿದ್ದರು. ನಾನು ನಡೆದಷ್ಟು ದೂರ ನನ್ನ ದನಿ ನನ್ನ ಮುಂದೆ ನಡೆಯುತ್ತಿತ್ತು. ಹೋಗುವುದನ್ನು ಬಿಟ್ಟೆ. 'ನಾ ಸಂಗಾಟ ಬರ್ತೇನಿ, ಹೊರಗ ಬಾ' ಎಂದು ದಿನಾ ಕರೆದವನು ಇನಾಯತ. ಹುಬ್ಬಳ್ಳಿ ಬಸ್ಸಿಗೆ ಬೆನ್ನು ಹತ್ತಿ ಬರುತ್ತಿದ್ದವನೂ ಅವನೇ. ನನ್ನ ಚೀಲ ಹೊತ್ತುಕೊಂಡು.

ನಿಮ್ಮ ಸಂತೆಯಲ್ಲಿ ಎಲೆ ಮಾರುವವನು ಇನಾಯತ.

ನೀವು 'ಗಟ್ಟಿ ಗುಂಡಿಗೆ' ಎಂದು ಬರೆದದ್ದು ಅವನ ಬಗ್ಗೆ. 'ಬಾಗಿಲು ಹಾಕಿದ ಅಣ್ಣ' ಎಂದು ಬರೆದದ್ದೂ ಅವನ ಬಗ್ಗೆ. ಪೇಪರನ್ನು ಬಸ್ಸಿನಲ್ಲೇ ಓದಿದನಂತೆ. ಮನೆಗೆ ಬಂದು ನನ್ನ ಕೈಗೆ ಕೊಟ್ಟು, "ಅಕ್ಕೋರು ಚಂದ ಬರದಾರ, ನಾ ಗುರ್ತ ಸಿಗದಂಗ" ಅಂದ. ಅಂದು ಊಟ ಮಾಡಲಿಲ್ಲ. ಅದರ ಮರುವಾರ ಹಿರೇಕೆರೂರಿನಲ್ಲಿ ಯಾರೋ, "ತಂಗಿನ್ನ ಕೂಡಿ ಹಾಕಿ ಎಲಿ ಮಾರಾಕ ಬಂದಾನ ನೋಡ್ರಿ" ಅಂದರು. ಬುಟ್ಟಿ ತುಂಬಿದ್ದು ತುಂಬಿದ ಹಾಗೆಯೇ ತಿರುಗಿ ಬಂತು.

ಎಲೆಯೊಳಗೆ ಯಾಕೆ ಕಾಗದ ಇಟ್ಟೆವು ಅಂದುಕೊಂಡಿರಿ? ನಮ್ಮವ್ವ ಜನ್ನತಬಿಯ ಮಾತು ಅದು: ಬೇಕಾದವರಿಗೆ ಖಾಲಿ ಕಾಗದ ಕಳಿಸಬಾರದು, ಸಾವಿನ ಸುದ್ದಿ ಮಾತ್ರ ಖಾಲಿ ಹೋಗುತ್ತದೆ. ಎಲೆ ಬೆಳೆಯುವ ಮನೆ ನಮ್ಮದು, ಎಲೆ ಇಟ್ಟೆವು. ನಾವು ಕೊಟ್ಟ ಗೌರವವನ್ನು ನೀವು ಕಳ್ಳತನ ಎಂದು ಓದಿದಿರಿ. ಹಿಂದೂ ಹುಡುಗಿ ಕಳಿಸಿದ್ದರೆ ಉಡುಗೊರೆ ಎಂದು ಓದುತ್ತಿದ್ದಿರಿ.

ನಾನು ಸಾಚಾ ಅಲ್ಲ. ನಿಮ್ಮ ಮೊದಲ ಉತ್ತರ ಓದಿದಾಗಲೇ ನೀವು ತಪ್ಪು ತಿಳಿದದ್ದು ತಿಳಿಯಿತು. ತಿದ್ದಲಿಲ್ಲ. ಅಜ್ಜನ ಕೂಗಿಗಾಗಿ ನೀವು ಹುಬ್ಬಳ್ಳಿಗೆ ಹೋಗುತ್ತಿರಲಿಲ್ಲ. ಪಂಜರದ ಹುಡುಗಿಗಾಗಿ ಹೋಗುತ್ತೀರಿ ಅನ್ನಿಸಿತು. ಸುಮ್ಮನಿದ್ದೆ. ಅದರ ಬೆಲೆ ಇನಾಯತ ಕೊಟ್ಟ.

ಮಂಗಳವಾರದ್ದು ಮುಗಿಸುತ್ತೇನೆ. ಚಿಲಕ ತೆಗೆದು ಹೊರಗೆ ಬಂದೆ. ಹೆಣ್ಣುಮಕ್ಕಳು ಓಡಿಬಂದು ಅಪ್ಪಿದರು. ಯಾರದೋ ಕ್ಯಾಮೆರಾ ಇತ್ತು. ಅಷ್ಟರಲ್ಲಿ ಎದುರಿನ ಗೋಡೆಯಿಂದ ಒಬ್ಬ ಒತ್ತಿದ. ಕೂಗು ಕೇಳಿತು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಬಾಯಿ ಮುಚ್ಚಿತ್ತು. ಕೂಗು ನಿಲ್ಲಲಿಲ್ಲ. ನನ್ನನ್ನು ಅಪ್ಪಿದ್ದಾಕೆ, "ಅಳಬ್ಯಾಡ ತಂಗಿ" ಅಂದಳು.

ಮರುದಿನ ಹಿರಿಯರು ಕೂತು, ಈ ವರ್ಷ ನಬೀಸಾಬನ ಮೇಳ ಬೇಡ, ಕ್ಯಾಮೆರಾ ಬರುತ್ತವೆ ಅಂದರು. ಅಜ್ಜ ಹ್ಞೂಂ ಅಂದ.

ನಿನ್ನೆ ಇನಾಯತ ಹೊಸ ಆಟ ತೋರಿಸಿದ. ಪಂಜರ ಹೋಗಿದೆ. ಸಿಡಿಲವ್ವ ಬಯಲಿನಲ್ಲಿ ಓಡುತ್ತಾಳೆ. ಒಂದೊಂದು ಸಲ ಜಿಗಿದಾಗಲೂ ಅದೇ ಕೂಗು. ಮೊದಲು ಕಂಬಿ ಒತ್ತಿದರೆ ಕೂಗುತ್ತಿದ್ದಳು, ಈಗ ಕಾಲೆತ್ತಿದರೆ ಕೂಗುತ್ತಾಳೆ.

ಹುಬ್ಬಳ್ಳಿಯ ಗಾಜಿನ ಕೋಣೆಯಲ್ಲಿ ಅವರು ನಿಮ್ಮನ್ನು ಏನು ಕೇಳಿದರು? ನೀವು ಏನು ಅಂದಿರಿ?

ಗುಲ್ನಾಜ


ಹಿರೇಕೆರೂರು
೧೭ ಜೂನ್ ೨೦೨೫

ಗುಲ್ನಾಜ,

ಕೇಳಿದ್ದಕ್ಕೆ ಉತ್ತರ. 'ಎರಡೂ ಆಗೂದಿಲ್ರಿ. ಪಂಜರಾ ತಗೀಬೇಕೋ, ದನಿ ತಗೀಬೇಕೋ, ಒಂದ ಹೇಳ್ರಿ' ಅಂದರು. ನಾನು ಪಂಜರ ಅಂದೆ. ಯೋಚಿಸಲು ಹೊತ್ತು ಬೇಕಾಗಲಿಲ್ಲ. ಕೂಗನ್ನು ಬೀದಿಯಲ್ಲಿ ಗೆಲ್ಲೋಣ ಎಂದು ಲೆಕ್ಕ ಹಾಕಿದೆ. ಅದಕ್ಕೆ ನಿನ್ನನ್ನು ಬೀದಿಗೆ ತಂದೆ.

ಇದಕ್ಕೆ ಸಮಜಾಯಿಷಿ ಇಲ್ಲ. ನಾನು ಬರೆದ ಹೆಂಗಸನ್ನು ಬಿಡಿಸಿಕೊಂಡೆ, ಪಾಠ ಹೇಳಿಕೊಟ್ಟ ಹೆಂಗಸನ್ನು ಒತ್ತೆ ಇಟ್ಟೆ.

ಲೇಖನ ಸುಳ್ಳು ಎಂದು ಬರೆದು ಶಿಗ್ಗಾಂವಿಗೆ ಕಳಿಸಿದೆ. ಸಂಪಾದಕರು ಫೋನು ಮಾಡಿ, "ಚಳವಳಿಗೆ ಹೊಡೆತ ಬೀಳ್ತದ್ರಿ, ಸ್ವಲ್ಪ ದಿನಾ ಹೋಗಲಿ" ಅಂದರು. ಈ ಮಾತನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೇನೆ.

ಸಂತೆಗೆ ಹೋದೆ. ಇನಾಯತ ಕೂರುವ ಜಾಗದಲ್ಲಿ ಒಬ್ಬ ಮುದುಕಿ ಬಳ್ಳೊಳ್ಳಿ ಹರವಿದ್ದಳು. "ಎಲಿಯಾಂವ ಎಲ್ಲಿ?" ಅಂದೆ. "ಬರವಲ್ಲ ರೀ" ಅಂದಳು ಆ ಮುದುಕಿ. "ಪೇಪರಿನ್ಯಾಗ ಯಾರೋ ಹಾಕ್ಯಾರಂತ ಅವನ್ನ."

ನಾನೇನು ಮಾಡಲಿ, ಹೇಳು.

ಶ್ರೀವಿದ್ಯಾ


ಹಿರೇಕೆರೂರು
೨೬ ಜೂನ್ ೨೦೨೫

ಗುಲ್ನಾಜ,

ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ.

ನಿನ್ನೆ ಆ ಆಟವನ್ನು ಮೊದಲ ಸಲ ನನ್ನ ಫೋನಿನಲ್ಲಿ ಹಾಕಿಕೊಂಡೆ. ಇಷ್ಟು ದಿನ ಅದರ ವಿರುದ್ಧ ಬರೆದೆ, ಭಾಷಣ ಮಾಡಿದೆ, ಆಡಿ ನೋಡಿರಲಿಲ್ಲ. ಸಿಡಿಲವ್ವ ನಿಂತಿದ್ದಳು. ಒತ್ತಿದೆ, ಜಿಗಿದಳು, ಕೂಗಿದಳು. ಫೋನು ಕೆಳಗಿಡಬೇಕಿತ್ತು. ಇನ್ನೊಮ್ಮೆ ಒತ್ತಿದೆ. ಯಾಕೆ ಒತ್ತಿದೆ ಎಂದು ಇನ್ನೂ ಹೇಳಲಾರೆ. ಮೂರು ಕಾದಂಬರಿ ಬರೆದವಳು ಗೋಡೆಯ ಮೇಲಿನ ಆ ಹುಡುಗರ ಪಕ್ಕದಲ್ಲೇ ಕೂತಿದ್ದೆ.

ನಾಲ್ಕನೆಯ ಕಾದಂಬರಿ ಬರೆಯುವುದಿಲ್ಲ ಎಂದು ಮೃತ್ಯುಂಜಯನಿಗೆ ಹೇಳಿದೆ. "ಆಗಲಿ ಬಿಡ್ರಿ, ಯಂತ್ರದ ಕಡಿಂದ ಬರಸ್ತೇವಿ" ಅಂದ. ಸಿಡಿಲವ್ವ ಇನ್ನು ನನ್ನ ಕೈಯಲ್ಲೂ ಇಲ್ಲ.

ಖಾಲಿ ಕಳಿಸಬಾರದು ಎಂದು ನೀನು ಬರೆದಿದ್ದೆ. ಕಾಗದದ ಜೊತೆ ಎರಡು ಅಡಕೆ ಕಟ್ಟಿದ್ದೇನೆ. ಎಲೆ ನನ್ನ ಹತ್ತಿರ ಇಲ್ಲ.

ಶ್ರೀವಿದ್ಯಾ


ಸವಣೂರು
೨ ಜುಲೈ ೨೦೨೫

ಅಕ್ಕೋರೆ,

ಅಡಕೆ ಮುಟ್ಟಿತು. ಅವ್ವ ಒಡೆದು ನೋಡಿ, "ಹುಳಾ ಹಿಡದಿಲ್ಲ" ಅಂದಳು. ಎಲೆ ಇಟ್ಟಿದ್ದೇನೆ. ತರುವವನು ಇನಾಯತನೇ. ಸಂತೆಯಲ್ಲಿ ಅವನ ಜೊತೆ ಮೆಲ್ಲಗೆ ಮಾತಾಡಬೇಡಿ, ಎಲ್ಲರೆದುರು ಗಟ್ಟಿಯಾಗಿ ಮಾತಾಡಿ.

ಮೊಹರಂ ಶುರುವಾಯಿತು. ಮೊದಲ ದಿನಗಳು ಅಜ್ಜನ ಕೂಗಿಲ್ಲದೆ ಹೋದವು. ನಿನ್ನೆ ಕರಬಸಪ್ಪಣ್ಣ ಹಲಗಿ ಹೊತ್ತುಕೊಂಡು ಮನೆಗೆ ಬಂದ.

"ಇದನ್ನ ನಿಮ್ಮ ಮನ್ಯಾಗ ಇಟಗೋ ನಬೀಸಾಬಣ್ಣಾ. ನೀ ಹೇಳದ ನಾ ಬಡಿಯಾಂವಲ್ಲ. ನಮ್ಮ ಮನ್ಯಾಗ ಇಟ್ರ ಇಲಿ ತಿಂತಾವು."

"ಕೂಗಿದ್ರ ನಗ್ತಾರೋ ಕರಬಸಪ್ಪಾ."

"ನಗಲಿ. ನಿನ್ನ ಹಲ್ಲ ನೋಡಿ ನಾ ನಲವತ್ತ ವರ್ಷ ನಕ್ಕೇನಿ, ನೀ ಹಾಡೂದು ಬಿಟ್ಟೀ ಏನು?"

ಅಜ್ಜ ನಗಲಿಲ್ಲ. ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. "ಕೂಗು ನಾ ಹಾಕ್ತೇನಿ ಅಜ್ಜಾ. ಪದಾ ನೀ ಎತ್ತು" ಅಂದೆ.

ಸಂಜೆಗೆ ಮಾತು ಹಿರಿಯರವರೆಗೆ ಹೋಯಿತು. ಮೇಳದಲ್ಲಿ ಹೆಣ್ಣು ನಿಂತದ್ದಿಲ್ಲ ಅಂದರು. ಇನಾಯತ ಯಾರೆದುರೂ ದನಿ ಎತ್ತದವನು, ಎದ್ದು ನಿಂತ.

"ನಮ್ಮ ತಂಗಿ ದನಿ ಊರ ಮಂದಿ ಕಿಸೇದಾಗ ತಿರಗಾಕತ್ತೈತಿ. ಹುಡುಗೂರು ಒತ್ತಿದಾಗ ಒಬ್ರೂ ಬ್ಯಾಡ ಅನ್ನಲಿಲ್ಲ. ಈಗ ಆಕೀ ನಿಂತು ಕೂಗತೇನಿ ಅಂದ್ರ ಬ್ಯಾಡ ಅಂತೀರಿ?"

ಯಾರೂ ಹ್ಞೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಎದ್ದು ಹೋದರು. ತಡೆದಾರು, ತಡೆಯದೆಯೂ ಇದ್ದಾರು. ಅಜ್ಜ ಮಾತ್ರ ಒಳಗೆ ಬಂದು, "ಕೊನೀಗೆ ಉಸರು ಬಿಗಿ ಹಿಡೀತಿ ನೀನು. ಹಿಡೀಬ್ಯಾಡ, ಬಿಟ್ಟಬಿಡು" ಅಂದ. ಅಷ್ಟೇ ಪಾಠ.

ಕೂಗು ಆಟದಲ್ಲಿ ಇದ್ದೇ ಇರುತ್ತದೆ ಅಕ್ಕೋರೆ. ಸಿಡಿಲವ್ವನನ್ನು ಇನ್ನು ಯಂತ್ರ ಬರೆಯುತ್ತದೆ, ನನ್ನ ಗಂಟಲು ಅವಳೊಳಗೆ ಸಿಕ್ಕಿಬಿದ್ದಿದೆ. ನಾನು ಸತ್ತ ಮೇಲೂ ಯಾರೋ ಒತ್ತುತ್ತಾರೆ. ಅದನ್ನು ನೀವೂ ತೆಗೆಸಲಾರಿರಿ, ನಾನೂ ತೆಗೆಸಲಾರೆ. ಮೊಹರಂನ ಹತ್ತನೆಯ ದಿನ ಗೋಡೆಯ ಮೇಲೆ ಹುಡುಗರು ಇರುತ್ತಾರೆ, ಫೋನುಗಳೂ ಇರುತ್ತವೆ. ನಾನು ಬಾಯಿ ತೆರೆದಾಗಲೇ ಅವರೂ ಒತ್ತಿಯಾರು. ಎರಡೂ ಒಟ್ಟಿಗೆ ಕೇಳಲಿ. ಯಾವುದು ಯಾರನ್ನೋ ಕಳೆದುಕೊಂಡವರ ಕೂಗು ಎಂದು ಊರು ನಿಂತು ಕೇಳಲಿ. ನಕ್ಕರೆ ನಾನು ಅರ್ಧಕ್ಕೆ ನಿಲ್ಲಿಸುವುದಿಲ್ಲ.

ನೀವೇನು ಮಾಡಬೇಕು ಎಂದು ಕೇಳಿದ್ದಿರಿ. ಬರೆಯಬೇಡಿ. ಹಾನಗಲ್ಲಿನ ಆ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬನ್ನಿ. ಘೋಷಣೆ ಬೇಡ, ಕ್ಯಾಮೆರಾ ಬೇಡ, ಸಿಡಿಲವ್ವನ ಹೆಸರೂ ಬೇಡ. ಅವರು ಗುದ್ದಿದ ಅದೇ ಬಾಗಿಲ ಮುಂದೆ, ಅದೇ ಓಣಿಯ ಜನರೆದುರು, ಚಿಲಕ ಒಳಗಿನಿಂದ ಹಾಕಿತ್ತು ಎಂದು ನಿಮ್ಮ ಬಾಯಿಂದ ಹೇಳಿ. ಇನಾಯತ ಪಕ್ಕದಲ್ಲಿ ನಿಂತಿರುತ್ತಾನೆ. ಅಜ್ಜ ನೀರು ಕೊಡುತ್ತಾನೆ, ಈ ಸಲ ಕುಡಿಯಿರಿ. ಆಮೇಲೆ ನಾನು ಕಟ್ಟೆ ಹತ್ತುತ್ತೇನೆ.

ಜುಲೈ ಆರು, ಭಾನುವಾರ, ಸಂಜೆ ನಾಲ್ಕು ಗಂಟೆಗೆ.

ಗುಲ್ನಾಜ